ಮಹಾರಾಜ ಕಾಲೇಜಿನ ಮೇಷ್ಟ್ರು ಮತ್ತು ಧ್ವಜದ ಮೇಲಿನ ಚಕ್ರ

ಎಫ್‌ಡಿಎ, ಪಿಡಿಒ, ಪೊಲೀಸ್ ಪರೀಕ್ಷೆ ಎಂದು ಓದುತ್ತಿರುವ ನಮ್ಮಂಥವರಿಗೆಲ್ಲ ಡಾ. ಸರ್ವೆಪಲ್ಲಿ ರಾಧಾಕೃಷ್ಣನ್ ಗೊತ್ತು. ಗೈಡಿನಲ್ಲಿ ಅವರಿಗೆ ಸಿಗುವುದು ನಾಲ್ಕು ಸಾಲು. ಹುಟ್ಟಿದ್ದು 1888ರ ಸೆಪ್ಟೆಂಬರ್ 5. ದೇಶದ ಮೊದಲ ಉಪರಾಷ್ಟ್ರಪತಿ. ಎರಡನೇ ರಾಷ್ಟ್ರಪತಿ. 1954ರಲ್ಲಿ ಭಾರತ ರತ್ನ. ಇಷ್ಟು ಬಾಯಿಪಾಠವಾದರೆ ಒಂದು ಅಂಕ ಖಾತ್ರಿ, ಪುಟ ತಿರುಗಿಸಿ ಮುಂದಕ್ಕೆ ಹೋಗಬಹುದು. ನಾನೂ ಹಾಗೆಯೇ ತಿರುಗಿಸಿದವನು. ಈ ಮನುಷ್ಯ ಮೂರು ವರ್ಷದ ಹತ್ತಿರ ನಮ್ಮ ಮೈಸೂರಿನಲ್ಲಿ ಮೇಷ್ಟ್ರಾಗಿದ್ದರು ಎಂಬುದು ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ. ತತ್ವಶಾಸ್ತ್ರದಂಥ, ಕೆಲಸಕ್ಕೆ ಬಾರದ್ದೆಂದು ನಮ್ಮ ಮನೆಗಳಲ್ಲಿ ಹೇಳುವ ವಿಷಯವೊಂದು ಒಂದು ದೇಶ ತನ್ನನ್ನು ತಾನು ಹೇಗೆ ಕಂಡುಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಲು ಹೊರಟಿತ್ತು ಎಂಬುದಂತೂ ಇರಲೇ ಇಲ್ಲ.

ತಮಾಷೆಯೆಂದರೆ, ರಾಧಾಕೃಷ್ಣನ್ ತತ್ವಶಾಸ್ತ್ರ ತೆಗೆದುಕೊಂಡಿದ್ದು ಅದರ ಮೇಲಿನ ಪ್ರೀತಿಯಿಂದಲ್ಲ. ತಿರುತ್ತಣಿಯ ಬಡ ತೆಲುಗು ಕುಟುಂಬ. ತಂದೆ ಜಮೀನ್ದಾರರೊಬ್ಬರ ಬಳಿ ಕಂದಾಯದ ಸಣ್ಣ ಕೆಲಸದಲ್ಲಿದ್ದರು. ಹುಡುಗ ಓದಿದ್ದೆಲ್ಲ ವಿದ್ಯಾರ್ಥಿವೇತನದ ಬಲದ ಮೇಲೆ: ತಿರುಪತಿಯ ಮಿಷನ್ ಶಾಲೆ, ವೆಲ್ಲೂರಿನ ಕಾಲೇಜು, ಆಮೇಲೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು. ಬಿ.ಎ.ಗೆ ಯಾವ ವಿಷಯ ಎಂದು ಯೋಚಿಸುತ್ತಿದ್ದಾಗ, ಅದೇ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿ ಮುಗಿಸಿದ್ದ ಸಂಬಂಧಿಕನೊಬ್ಬ ತನ್ನ ಪಠ್ಯಪುಸ್ತಕಗಳನ್ನು ಇವರಿಗೆ ಕೊಟ್ಟ. ಪುಸ್ತಕದ ಖರ್ಚು ಉಳಿಯಿತು. ವಿಷಯವೂ ಅಲ್ಲಿಗೇ ನಿರ್ಧಾರವಾಯಿತು. ಅಕ್ಕನ ನೋಟ್ಸು ಇದೆ ಎಂದು ಸಮಾಜಶಾಸ್ತ್ರ ತೆಗೆದುಕೊಂಡವರು, ಅಣ್ಣನ ಹಳೇ ಪುಸ್ತಕ ಇದೆ ಎಂದು ವಾಣಿಜ್ಯಕ್ಕೆ ಸೇರಿದವರು ಪಿರಿಯಾಪಟ್ಟಣದಲ್ಲೂ ಕೆ.ಆರ್. ನಗರದಲ್ಲೂ ಈಗಲೂ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಈ ಸಂಗತಿ ಓದಿದಾಗ ನನಗೆ ದೊಡ್ಡ ಸಮಾಧಾನವಾಯಿತು.

ಆದರೆ ಕಾಲೇಜಿನೊಳಗೆ ಕಾದಿದ್ದು ಬೇರೆ. ಅಲ್ಲಿನ ಅಧ್ಯಾಪಕರು ಕ್ರೈಸ್ತ ಮಿಷನರಿಗಳು, ಒಳ್ಳೆಯ ವಿದ್ವಾಂಸರು. ವೇದಾಂತದ ಬಗ್ಗೆ ಆ ಕಾಲದ ಮಿಷನರಿಗಳು ಎತ್ತುತ್ತಿದ್ದ ಆಕ್ಷೇಪ ಸರಳವಾಗಿತ್ತು, ಚುಚ್ಚುವಂತೆಯೂ ಇತ್ತು. ಜಗತ್ತೆಲ್ಲ ಮಾಯೆ ಎಂದು ನಂಬುವ ಜನ ಜಗತ್ತಿನಲ್ಲಿ ಸರಿ ತಪ್ಪು ಎಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು? ನೆರೆಯವನ ಕಷ್ಟಕ್ಕೆ ಯಾಕೆ ಓಡಬೇಕು? ನಿಮ್ಮ ದರ್ಶನದಲ್ಲಿ ನೀತಿಗೆ ಜಾಗವೇ ಇಲ್ಲ ಎನ್ನುವುದು ಅವರ ವಾದ. ಆಳುವವರ ಕೈಯಲ್ಲಿ ಬಂದೂಕು, ಕಚೇರಿ, ರೈಲು ಎಲ್ಲವೂ ಇದ್ದವು. ಅದರ ಜೊತೆಗೆ ಆಳಿಸಿಕೊಳ್ಳುವವರಿಗೆ ನೈತಿಕವಾಗಿಯೂ ಬೆನ್ನೆಲುಬಿಲ್ಲ ಎಂಬ ಮಾತು ಸೇರಿದರೆ, ಇಪ್ಪತ್ತರ ಹುಡುಗನೊಬ್ಬನಿಗೆ ಹೇಗಾಗಿರಬೇಡ! ಎಂ.ಎ. ಪರೀಕ್ಷೆಗಾಗಿ 1908ರಲ್ಲಿ ಅವರು ಬರೆದ ಪ್ರಬಂಧದ ವಿಷಯವೇ ವೇದಾಂತದ ನೀತಿಶಾಸ್ತ್ರ. ಮಾಯೆ ಎಂದರೆ ಜಗತ್ತು ಸುಳ್ಳು ಎಂದಲ್ಲ, ಅದು ತನ್ನಷ್ಟಕ್ಕೆ ಪೂರ್ಣವಲ್ಲ ಎಂದಷ್ಟೇ ಎಂಬ ದಾರಿಯಲ್ಲಿ ಅವರು ಮುಂದೆ ಜೀವನವಿಡೀ ನಡೆದರು. ತಮ್ಮನ್ನೇ ಪ್ರಶ್ನಿಸಿ ಬರೆದ ಆ ಪ್ರಬಂಧವನ್ನು ಅಧ್ಯಾಪಕ ಎ.ಜಿ. ಹಾಗ್ ಮೆಚ್ಚಿಕೊಂಡರು. ಅಂಥ ಮೇಷ್ಟ್ರು ಸಿಗುವುದೂ ಪುಣ್ಯವೇ.

1909ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆಮೇಲೆ ಸ್ವಲ್ಪ ಕಾಲ ರಾಜಮಂಡ್ರಿ. 1918ರಲ್ಲಿ ಮೈಸೂರಿಗೆ ಬಂದರು.

ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಎರಡೇ ವರ್ಷ. 1916ರ ಜುಲೈ 27ರಂದು ಅದನ್ನು ಆರಂಭಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರ್, ಕೆ.ಆರ್. ನಗರದ ಹೆಸರಿನಲ್ಲಿರುವ ಕೃಷ್ಣರಾಜ ಅವರೇ. ಬ್ರಿಟಿಷರು ನೇರವಾಗಿ ಆಳದ ಪ್ರದೇಶದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಇದು. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಮಹಾರಾಜ ಕಾಲೇಜಿನಲ್ಲಿ ಎ.ಆರ್. ವಾಡಿಯಾ ತತ್ವಶಾಸ್ತ್ರದ ಅಧ್ಯಾಪಕರಾಗಿದ್ದರು. ಸಂಸ್ಕೃತ ವಿಭಾಗದಲ್ಲಿ ಎಂ. ಹಿರಿಯಣ್ಣನವರಿದ್ದರು. ಹಿರಿಯಣ್ಣನವರು ಅಲ್ಲಿ ಮಾಡಿದ ಪಾಠಗಳೇ ಬೆಳೆದು 1932ರಲ್ಲಿ ಭಾರತೀಯ ತತ್ವಶಾಸ್ತ್ರದ ರೂಪರೇಖೆಯ ಇಂಗ್ಲಿಷ್ ಪುಸ್ತಕವಾಗಿ ಲಂಡನ್ನಿನಲ್ಲಿ ಅಚ್ಚಾದವು. ಈಗಲೂ ದೇಶ ವಿದೇಶಗಳಲ್ಲಿ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ನಮ್ಮ ಊರಿನ ಈ ಮಹನೀಯರ ಬಗ್ಗೆ ಗೈಡಿನಲ್ಲಿ ಒಂದು ಸಾಲೂ ಇಲ್ಲ ಎಂಬುದು ಬೇರೆ ಮಾತು.

ಬಿಳಿ ರುಮಾಲು, ಉದ್ದ ಕೋಟು, ಪಂಚೆ ತೊಟ್ಟ ಮೂವತ್ತರ ಮೇಷ್ಟ್ರು ಇಂಥವರ ನಡುವೆ ಬಂದು ಸೇರಿಕೊಂಡರು. ಎಚ್.ಡಿ. ಕೋಟೆಯಿಂದಲೋ ಪಿರಿಯಾಪಟ್ಟಣದಿಂದಲೋ ಮೈಸೂರಿಗೆ ಓದಲು ಬರುವುದೆಂದರೆ ಬುತ್ತಿ ಕಟ್ಟಿಕೊಂಡು ಪ್ರಯಾಣ ಮಾಡುವ ಕಾಲ ಅದು. ಹಾಗೆ ಬಂದವರಲ್ಲಿ ಹೆಚ್ಚಿನವರು ಯಾವ ಜಾತಿಯವರು, ಯಾರು ಬರಲಾಗುತ್ತಿರಲಿಲ್ಲ ಎಂಬ ಪ್ರಶ್ನೆಯೂ ಅದೇ ಹೊತ್ತಿನಲ್ಲಿ ಮೈಸೂರಿನಲ್ಲಿ ಎದ್ದಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೈಸೂರಿನಲ್ಲಿದ್ದಾಗ ಅವರ ಎರಡು ಪುಸ್ತಕ ಹೊರಬಂದವು. ಮೊದಲನೆಯದು 1918ರಲ್ಲಿ, ರವೀಂದ್ರನಾಥ ಠಾಕೂರರ ತತ್ವಚಿಂತನೆ ಕುರಿತದ್ದು. ಎರಡನೆಯದು 1920ರದು, ನನ್ನ ಮಟ್ಟಿಗೆ ಅದೇ ಹೆಚ್ಚು ಕುತೂಹಲದ್ದು. ಸಮಕಾಲೀನ ತತ್ವಶಾಸ್ತ್ರದ ಮೇಲೆ ಧರ್ಮದ ಹಿಡಿತ ಎಷ್ಟಿದೆ ಎಂಬುದು ಅದರ ವಿಷಯ. ಬರ್ಗ್‌ಸನ್, ವಿಲಿಯಂ ಜೇಮ್ಸ್, ರಸೆಲ್ ಮುಂತಾದ ಯುರೋಪು, ಅಮೆರಿಕದ ಹೆಸರಾಂತ ಚಿಂತಕರನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಂಡು ಅವರ ವಾದಗಳನ್ನು ತೂಗಿ ನೋಡುವ ಪುಸ್ತಕ ಅದು. ಪಶ್ಚಿಮದ ಹಲವು ಚಿಂತಕರು ತಾವು ವಿಚಾರದ ದಾರಿಯಲ್ಲೇ ಹೋಗುತ್ತಿದ್ದೇವೆ ಎಂದುಕೊಂಡರೂ ಒಳಗೊಳಗೇ ತಮ್ಮ ಮತದ ನಂಬಿಕೆಗೆ ಬಾಗಿದ್ದಾರೆ ಎಂದು ರಾಧಾಕೃಷ್ಣನ್ ತೋರಿಸಹೊರಟರು. ಅದುವರೆಗೆ ನೋಡುತ್ತಿದ್ದವರು ಅವರು, ನೋಡಿಸಿಕೊಳ್ಳುತ್ತಿದ್ದವರು ನಾವು. ಸಂಸ್ಕೃತ ಗ್ರಂಥಗಳಿಗೆ ಅಂಕ ಕೊಡುತ್ತಿದ್ದವರೂ ಅವರೇ. ಈಗ ಮೈಸೂರಿನ ಕಾಲೇಜಿನ ಮೇಷ್ಟ್ರೊಬ್ಬರು ಅವರ ಉತ್ತರ ಪತ್ರಿಕೆ ತಿದ್ದಲು ಕುಳಿತಿದ್ದರು. ಆ ಪುಸ್ತಕದ ತೀರ್ಮಾನಗಳನ್ನು ಇವತ್ತು ಎಷ್ಟು ಜನ ಒಪ್ಪುತ್ತಾರೋ, ಇರಲಿ. ಆದರೆ ಕೆಂಪು ಶಾಯಿಯ ಪೆನ್ನು ಕೈ ಬದಲಾಯಿಸಿತ್ತು. ವಸಾಹತೋತ್ತರ ಎಂಬ ಪದ ಹುಟ್ಟುವ ಮುಂಚಿನ ಮಾತಿದು. ಗುಲಾಮಗಿರಿಯಿಂದ ಬಿಡುಗಡೆ ಎನ್ನುವುದು ಧ್ವಜ ಇಳಿಯುವುದಕ್ಕೆ ಎಷ್ಟೋ ಮೊದಲೇ ತಲೆಯೊಳಗೆ ಶುರುವಾಗುವ ಬಗೆ ಇದು.

1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಅಶುತೋಷ್ ಮುಖರ್ಜಿಯವರ ಕರೆ ಬಂತು. ದೇಶದಲ್ಲೇ ಅತ್ಯಂತ ಗೌರವದ ತತ್ವಶಾಸ್ತ್ರ ಪೀಠ, ಬಿಡುವ ಮಾತೇ ಇಲ್ಲ. ಹೊರಡುವ ದಿನ ನಡೆದದ್ದನ್ನು ಮೈಸೂರಿನ ಹಿರಿಯರು ಈಗಲೂ ಹೇಳುತ್ತಾರೆ. ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಸಿಂಗರಿಸಿ, ಕುದುರೆ ಬಿಚ್ಚಿ, ತಾವೇ ಹೆಗಲು ಕೊಟ್ಟು ರೈಲ್ವೆ ನಿಲ್ದಾಣದವರೆಗೂ ಎಳೆದುಕೊಂಡು ಹೋದರು. ಆಗ ಅವರಿಗೆ ಮೂವತ್ತೆರಡು ವರ್ಷ. ಮಂತ್ರಿಯಲ್ಲ, ಶ್ರೀಮಂತನಲ್ಲ, ಭಾಷೆಯೂ ನಮ್ಮದಲ್ಲ. ಪಾಠ ಚೆನ್ನಾಗಿ ಮಾಡುತ್ತಿದ್ದರು, ಅಷ್ಟೇ.

ಈಗ ಆ ಬಾಕಿ ಉಳಿದ ಪ್ರಶ್ನೆ. ರಾಧಾಕೃಷ್ಣನ್ ಮೈಸೂರಿಗೆ ಬಂದ 1918ರಲ್ಲೇ ನಾಲ್ವಡಿಯವರು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸರ್ಕಾರಿ ನೌಕರಿ ಹೆಚ್ಚಿನಂಶ ಬ್ರಾಹ್ಮಣರ ಕೈಯಲ್ಲೇ ಇದೆ, ಉಳಿದವರಿಗೆ ದಾರಿ ಏನು ಎಂಬುದು ಅದರ ಮುಂದಿದ್ದ ವಿಷಯ. 1919ರಲ್ಲಿ ವರದಿ ಬಂತು, 1921ರಲ್ಲಿ ಹಿಂದುಳಿದ ಸಮುದಾಯಗಳಿಗೆ ಮೀಸಲಾತಿಯ ಆದೇಶ ಹೊರಟಿತು. ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟ ಹಿನ್ನೆಲೆಯಲ್ಲೂ ಈ ವಿವಾದವಿತ್ತು. ಹೀಗೆ ಒಂದೇ ಊರಿನಲ್ಲಿ, ಒಂದೇ ಹೊತ್ತಿನಲ್ಲಿ ಎರಡು ಚರ್ಚೆ. ಒಂದು ಕಡೆ ಭಾರತೀಯರೆಂದರೆ ಯಾರು ಎಂದು ಪಶ್ಚಿಮಕ್ಕೆ ಉತ್ತರ ಬರೆಯುತ್ತಿರುವ ಮೇಷ್ಟ್ರು. ಇನ್ನೊಂದು ಕಡೆ ಆ ಭಾರತೀಯರ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿ ಎಂದು ಕೇಳುತ್ತಿರುವ ಒಕ್ಕಲು ಮಕ್ಕಳು. ಎರಡೂ ದೇಶದ ಗುರುತಿನ ಪ್ರಶ್ನೆಗಳೇ.

ಕಲ್ಕತ್ತಾದಲ್ಲಿ ಅವರ ಹೆಸರು ಹಬ್ಬಿತು. ಭಾರತೀಯ ದರ್ಶನಗಳ ಚರಿತ್ರೆಯ ಎರಡು ದಪ್ಪ ಸಂಪುಟಗಳು 1923 ಮತ್ತು 1927ರಲ್ಲಿ ಬಂದವು. 1926ರಲ್ಲಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಕೊಟ್ಟ ಉಪನ್ಯಾಸಗಳು ಮರುವರ್ಷ ಹಿಂದೂ ಜೀವನದೃಷ್ಟಿ ಕುರಿತ ಸಣ್ಣ ಪುಸ್ತಕವಾದವು. ಹಿಂದೂ ಧರ್ಮ ಎನ್ನುವುದು ಒಂದೇ ಗ್ರಂಥ, ಒಬ್ಬನೇ ಪ್ರವಾದಿಗೆ ಕಟ್ಟುಬಿದ್ದದ್ದಲ್ಲ, ಅದೊಂದು ಬದುಕುವ ರೀತಿ, ಹಲವು ದಾರಿಗಳನ್ನು ಒಟ್ಟಿಗೇ ಇರಲು ಬಿಡುವಂಥದ್ದು ಎಂಬುದು ಅಲ್ಲಿನ ವಾದ. ಇವತ್ತು ನಾವು ಭಾಷಣ ಸ್ಪರ್ಧೆಯಲ್ಲಿ ವಿವಿಧತೆಯಲ್ಲಿ ಏಕತೆ ಎಂದು ಶುರು ಮಾಡುತ್ತೇವಲ್ಲ, ಅದರ ಹಿಂದೆ ನಿಂತ ಪಾಂಡಿತ್ಯದಲ್ಲಿ ಈ ಪುಸ್ತಕದ ಪಾಲು ದೊಡ್ಡದು.

ಈ ಕಾಲದಲ್ಲೇ ಒಂದು ಕಹಿ ಪ್ರಸಂಗವೂ ನಡೆಯಿತು. ಅಭಿಮಾನಿಗಳು ಬರೆಯುವ ಲೇಖನಗಳಲ್ಲಿ ಅದು ಸಿಗುವುದು ಕಡಿಮೆ. ಜದುನಾಥ ಸಿನ್ಹಾ ಎಂಬ ಯುವ ವಿದ್ವಾಂಸರು, ತಮ್ಮ ಸಂಶೋಧನಾ ಪ್ರಬಂಧದ ಭಾಗಗಳನ್ನು ರಾಧಾಕೃಷ್ಣನ್ ತಮ್ಮ ಎರಡನೇ ಸಂಪುಟದಲ್ಲಿ ಬಳಸಿಕೊಂಡಿದ್ದಾರೆ ಎಂದು 1929ರಲ್ಲಿ ಆರೋಪಿಸಿದರು. ವಿಷಯ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ರಾಧಾಕೃಷ್ಣನ್ ಆರೋಪ ತಳ್ಳಿಹಾಕಿ ತಾವೂ ಮಾನಹಾನಿ ದಾವೆ ಹೂಡಿದರು. 1933ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಹಾಗಾಗಿ ತೀರ್ಪು ಎಂಬುದಿಲ್ಲ. ಸಂಶೋಧನೆ ಮಾಡುವ ಗೆಳೆಯರು ಇದನ್ನು ಓದಿಕೊಳ್ಳಬೇಕು ಎಂದು ನನಗನ್ನಿಸುತ್ತದೆ.

ಇದಕ್ಕಿಂತ ಆಳವಾದ ಪೆಟ್ಟು ಬಂದದ್ದು ಡಾ. ಅಂಬೇಡ್ಕರ್ ಅವರಿಂದ. 1936ರಲ್ಲಿ ಲಾಹೋರಿನ ಸಭೆಗಾಗಿ ಬರೆದು, ಅಲ್ಲಿ ಓದಲು ಅವಕಾಶ ಸಿಗದೆ ತಾವೇ ಅಚ್ಚು ಹಾಕಿಸಿದ ಜಾತಿ ವಿನಾಶದ ಭಾಷಣದಲ್ಲಿ ಅವರು ರಾಧಾಕೃಷ್ಣನ್ ಪುಸ್ತಕವನ್ನು ಹೆಸರಿಸಿಯೇ ಪ್ರಶ್ನಿಸಿದರು. ಹಿಂದೂ ನಾಗರಿಕತೆ ಸಾವಿರಾರು ವರ್ಷ ಬಾಳಿ ಬಂದಿದೆ, ಆದ್ದರಿಂದ ಅದರಲ್ಲಿ ಸತ್ವವಿದೆ ಎಂಬ ಮಾತಿಗೆ ಅಂಬೇಡ್ಕರ್ ಒಪ್ಪಲಿಲ್ಲ. ಉಳಿದುಕೊಂಡದ್ದೇ ದೊಡ್ಡದಲ್ಲ, ಯಾವ ಸ್ಥಿತಿಯಲ್ಲಿ ಉಳಿದುಕೊಂಡಿದ್ದೇವೆ ಎಂಬುದು ಮುಖ್ಯ ಎಂಬುದು ಅವರ ತಕರಾರು. ಎಚ್.ಡಿ. ಕೋಟೆಯ ಯಾವುದಾದರೂ ಹಾಡಿಗೆ ಹೋಗಿ ಬಂದವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ. ಜೇನು ಕುರುಬರು, ಕಾಡು ಕುರುಬರು ಈ ನೆಲದಲ್ಲಿ ಬಾಳಿ ಬಂದವರೇ. ಅಣೆಕಟ್ಟು, ಅಭಯಾರಣ್ಯ ಎಂದು ಕಾಡಿನಿಂದ ಎಬ್ಬಿಸಿಕೊಂಡವರೂ ಅವರೇ. ರಾಧಾಕೃಷ್ಣನ್ ಜಾತಿಯ ಈಗಿನ ರೂಪವನ್ನು ಟೀಕಿಸಿದ್ದರು ನಿಜ, ಆದರೆ ಅದರ ಮೂಲದಲ್ಲಿ ಬೇರೆ ಬೇರೆ ಜನರನ್ನು ಹೊಂದಿಸಿ ಇಟ್ಟ ಒಂದು ವ್ಯವಸ್ಥೆಯನ್ನು ಕಂಡರು. ಕೆಳಗೆ ನಿಂತು ನೋಡಿದವರಿಗೆ ಆ ಹೊಂದಾಣಿಕೆ ಕಾಣಲಿಲ್ಲ. ಈ ವಾದದಲ್ಲಿ ನಾನು ಅಂಬೇಡ್ಕರ್ ಕಡೆ.

ಮುಂದಿನ ವರ್ಷಗಳನ್ನು ಬೇಗ ದಾಟಬಹುದು. 1931ರಿಂದ 36ರವರೆಗೆ ಆಂಧ್ರ ವಿಶ್ವವಿದ್ಯಾಲಯದ ಕುಲಪತಿ. 1936ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪೂರ್ವದೇಶಗಳ ಧರ್ಮ ಮತ್ತು ನೀತಿಶಾಸ್ತ್ರದ ಸ್ಪಾಲ್ಡಿಂಗ್ ಪ್ರಾಧ್ಯಾಪಕ. 1939ರಿಂದ 48ರವರೆಗೆ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕುಲಪತಿ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದಾಗ ಸರ್ಕಾರದ ಕೋಪದಿಂದ ವಿಶ್ವವಿದ್ಯಾಲಯವನ್ನು ಉಳಿಸಿಕೊಳ್ಳುವ ಹೊಣೆ ಅವರ ಮೇಲೆ ಬಿತ್ತು. ಬ್ರಿಟಿಷರಿಂದ ಸರ್ ಪದವಿ ಪಡೆದಿದ್ದವರು, ಜೈಲಿಗೆ ಹೋದವರಲ್ಲ. ಹೀಗಿದ್ದೂ ಸ್ವಾತಂತ್ರ್ಯದ ಹೊಸ್ತಿಲಲ್ಲಿ ದೇಶ ಅವರನ್ನು ಸಂವಿಧಾನ ರಚನಾ ಸಭೆಗೆ ಕರೆಯಿತು.

1947ರ ಜುಲೈ 22. ಸಭೆಯ ಮುಂದೆ ರಾಷ್ಟ್ರಧ್ವಜದ ನಿರ್ಣಯ. ಚರಕದ ಜಾಗದಲ್ಲಿ ಅಶೋಕನ ಚಕ್ರ ಬಂದಿತ್ತು. ಈ ಮೂರು ಬಣ್ಣಕ್ಕೆ ಅರ್ಥವೇನು? ಕೇಸರಿ ಹಿಂದೂಗಳದು, ಹಸಿರು ಮುಸ್ಲಿಮರದು ಎಂದು ಹಂಚಿಕೊಂಡು ನೋಡುವ ರೂಢಿ ಆಗಲೇ ಇತ್ತು. ದೇಶವೇ ಹಂಚಿಹೋಗುತ್ತಿದ್ದ ತಿಂಗಳದು. ರಾಧಾಕೃಷ್ಣನ್ ಎದ್ದು ನಿಂತು ಬೇರೆಯದೇ ಅರ್ಥ ಹೇಳಿದರು. ಕೇಸರಿ ಎಂದರೆ ತ್ಯಾಗ, ನಾಯಕರಾದವರು ಲಾಭದ ಆಸೆ ಬಿಡಬೇಕು ಎಂಬುದರ ಗುರುತು. ಬಿಳಿ ಎಂದರೆ ನಮ್ಮ ನಡತೆಗೆ ದಾರಿ ತೋರುವ ಸತ್ಯದ ಬೆಳಕು. ಹಸಿರು ಈ ಮಣ್ಣಿನ ಜೊತೆ, ಗಿಡಮರದ ಜೊತೆ ನಮಗಿರುವ ನಂಟು. ಚಕ್ರ ಧರ್ಮದ್ದು, ಅದು ತಿರುಗುವಂಥದ್ದು, ನಿಂತರೆ ಸಾವು ಎಂದು ನೆನಪಿಸುವಂಥದ್ದು. ಶಾಲೆಯಲ್ಲಿ ಆಗಸ್ಟ್ 15ಕ್ಕೆ ನಾವು ಬಾಯಿಪಾಠ ಒಪ್ಪಿಸುತ್ತಿದ್ದ ಬಣ್ಣದ ಅರ್ಥಗಳು ಹೆಚ್ಚುಕಡಿಮೆ ಅವರ ಬಾಯಿಂದ ಬಂದವು. ಒಂದು ಬಣ್ಣಕ್ಕೆ ಒಂದು ಜಾತಿ, ಒಂದು ಮತ ಎನ್ನುವುದರ ಬದಲು ಒಂದು ಗುಣ. ತತ್ವಶಾಸ್ತ್ರದ ಮೇಷ್ಟ್ರು ಮಾತ್ರ ಮಾಡಬಹುದಾಗಿದ್ದ ಕೆಲಸ ಅದು ಎಂದು ನನಗನ್ನಿಸುತ್ತದೆ.

ಆಗಸ್ಟ್ 14ರ ರಾತ್ರಿ ನೆಹರೂ ಭಾಷಣ ಎಲ್ಲರಿಗೂ ಗೊತ್ತು. ಅದೇ ಸಭೆಯಲ್ಲಿ ನೆಹರೂ ಆದಮೇಲೆ, ಹನ್ನೆರಡು ಗಂಟೆ ಬಡಿಯುವ ಮುಂಚೆ ರಾಧಾಕೃಷ್ಣನ್ ಕೂಡ ಮಾತಾಡಿದರು. ಆ ಸಂಭ್ರಮದಲ್ಲೂ ಅವರು ಬ್ರಿಟಿಷರನ್ನಷ್ಟೇ ಬೈದು ಕೂರಲಿಲ್ಲ. ನಾವು ಸೋತದ್ದರಲ್ಲಿ ನಮ್ಮದೇ ದೋಷಗಳಿದ್ದವು ಎಂದು ನೆನಪಿಸಿದರು. ದೊಡ್ಡವರ ಭ್ರಷ್ಟಾಚಾರ, ಸ್ವಜನಪಕ್ಷಪಾತ, ಅಧಿಕಾರದಾಸೆ, ಕಾಳಸಂತೆ ಇವನ್ನು ಬೇರುಸಹಿತ ಕೀಳದಿದ್ದರೆ ಆಡಳಿತ ಸುಧಾರಿಸದು ಎಂದು ಎಚ್ಚರಿಸಿದರು. ನೇಮಕಾತಿ ಪಟ್ಟಿ ರದ್ದಾಗಿ ಮರುಪರೀಕ್ಷೆಗೆ ಕಾದು ಕುಳಿತವರು ಈ ಭಾಷಣವನ್ನು ಹುಡುಕಿ ಓದಬೇಕು.

ಮರುವರ್ಷ ಅವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ನೇಮಕವಾಗಿ, 1949ರಲ್ಲಿ ವರದಿ ಕೊಟ್ಟಿತು. ಯುಜಿಸಿ ಇವತ್ತಿನ ರೂಪಕ್ಕೆ ಬಂದದ್ದು ಆ ವರದಿಯ ದಾರಿಯಲ್ಲಿ. ಹಳ್ಳಿಗಾಡಿಗೇ ಹೊಂದುವ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕು ಎಂದು ಅದು ಹೇಳಿತು. ಎಲ್ಲ ಧರ್ಮಗಳ ಮಹನೀಯರ ಬದುಕು, ಆಮೇಲೆ ಬೇರೆ ಬೇರೆ ಧರ್ಮಗ್ರಂಥಗಳ ಸಾರ, ಕೊನೆಯ ವರ್ಷ ಧರ್ಮದ ತಾತ್ವಿಕ ಪ್ರಶ್ನೆಗಳು, ಹೀಗೆ ಪದವಿಯ ಮೂರು ವರ್ಷಕ್ಕೂ ಒಂದು ಪಾಠಕ್ರಮ ಸೂಚಿಸಿತು. ನನ್ನ ಗಮನ ನಿಂತದ್ದು ಇನ್ನೊಂದು ಶಿಫಾರಸಿನ ಮೇಲೆ. ಆಡಳಿತ ಸೇವೆಯ ಕೆಲಸಕ್ಕೆ ಪದವಿಯೇ ಬೇಕೆಂದು ಹಟ ಹಿಡಿಯಬಾರದು ಎಂದಿತು ಆಯೋಗ. ನೌಕರಿಯ ಚೀಟಿಗಾಗಿಯೇ ಕಾಲೇಜಿಗೆ ನೂಕುನುಗ್ಗಲಾಗುವುದು ಬೇಡ, ಕಲಿಯಬೇಕೆನ್ನುವವರು ಕಲಿಯಲು ಬರಲಿ ಎಂಬ ಯೋಚನೆ. ಅದು ಜಾರಿಯಾಗಲಿಲ್ಲ. ಆಗಿದ್ದರೆ ನಮ್ಮ ಬದುಕು ಸುಲಭವಾಗುತ್ತಿತ್ತೋ ಕಷ್ಟವಾಗುತ್ತಿತ್ತೋ, ಗೆಳೆಯರ ಜೊತೆ ಟೀ ಕುಡಿಯುತ್ತಾ ಜಗಳವಾಡಲು ಒಳ್ಳೆಯ ವಿಷಯ.

1949ರಲ್ಲಿ ನೆಹರೂ ಅವರನ್ನು ಮಾಸ್ಕೋಗೆ ರಾಯಭಾರಿಯಾಗಿ ಕಳಿಸಿದರು. ದೇವರನ್ನೇ ಒಪ್ಪದ ದೇಶಕ್ಕೆ ವೇದಾಂತಿ ರಾಯಭಾರಿ! ಸ್ಟಾಲಿನ್ ಎದುರು ಕುಳಿತು, ಯುದ್ಧ ಗೆದ್ದು ಹಿಂಸೆ ತೊರೆದ ಅಶೋಕನ ಕಥೆ ಹೇಳಿದರು ಎಂಬುದು ಪ್ರಸಿದ್ಧ ಪ್ರಸಂಗ. ಧ್ವಜದ ಚಕ್ರಕ್ಕೆ ಅರ್ಥ ಹೇಳಿದವರಿಗೆ ಆ ಕಥೆ ನಾಲಿಗೆ ತುದಿಯಲ್ಲೇ ಇದ್ದಿರಬೇಕು.

1952ರಲ್ಲಿ ಉಪರಾಷ್ಟ್ರಪತಿಯಾದರು. 1956ರಲ್ಲಿ ಬುದ್ಧನ 2500ನೇ ಜಯಂತಿಯನ್ನು ಸ್ವತಂತ್ರ ಭಾರತ ದೊಡ್ಡದಾಗಿ ಆಚರಿಸಿತು. ಧಮ್ಮಪದವನ್ನು ಇಂಗ್ಲಿಷಿಗೆ ತಂದಿದ್ದ ರಾಧಾಕೃಷ್ಣನ್, ಆ ಸಂದರ್ಭದ ಬೌದ್ಧ ಧರ್ಮದ ಗ್ರಂಥಕ್ಕೆ ಮುನ್ನುಡಿ ಬರೆದರು. ಯುವ ದಲೈ ಲಾಮಾ ಆ ಉತ್ಸವಕ್ಕೆ ದೆಹಲಿಗೆ ಬಂದು ಹೋದರು. ಮೂರೇ ವರ್ಷದಲ್ಲಿ ಅವರು ಮತ್ತೆ ಭಾರತಕ್ಕೆ ಬಂದರು, ಈ ಸಲ ನಿರಾಶ್ರಿತರಾಗಿ. ಅವರ ಜನರಿಗಾಗಿ 1960ರ ಆಸುಪಾಸಿನಲ್ಲಿ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಕಾಡು ಕಡಿದು ನೆಲೆ ಮಾಡಲಾಯಿತು. ಅಲ್ಲಿನ ಸೆರಾ ಮಠದ ಅಂಗಳದಲ್ಲಿ ಭಿಕ್ಷುಗಳು ಕೈ ಚಪ್ಪಾಳೆ ಹೊಡೆದು, ಕಾಲು ಅಪ್ಪಳಿಸಿ ವಾದ ಮಾಡುವುದನ್ನು ನೀವೂ ನೋಡಿರಬಹುದು. ಪ್ರವಾಸಿಗರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ. ಅವರು ಚರ್ಚಿಸುವುದು ಶುದ್ಧ ತತ್ವಶಾಸ್ತ್ರ: ಇರುವುದು ಎಂದರೇನು, ಅರಿವು ಹೇಗೆ ಹುಟ್ಟುತ್ತದೆ. ನೆಲ ಕಳೆದುಕೊಂಡ ಜನ ತಮ್ಮ ದೇಶವನ್ನು ಹೊತ್ತು ತಂದದ್ದು ಆ ವಾದಗಳಲ್ಲೇ. ತತ್ವಶಾಸ್ತ್ರಕ್ಕೂ ಜನರ ಗುರುತಿಗೂ ಏನು ಸಂಬಂಧ ಎಂದು ಕೇಳುವವರನ್ನು ನಾನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಸಾಲಿಗ್ರಾಮದಲ್ಲಿ ರಾಮಾನುಜರು ಬಂದಿದ್ದರೆಂಬ ಪ್ರತೀತಿಯನ್ನು ಊರಿನವರು ಗುಡಿ ಕೊಳಗಳಲ್ಲಿ ಕಾಪಾಡಿಕೊಂಡದ್ದೂ, ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರವನ್ನೇ ಓದಿದ ಕುವೆಂಪು ನಾಡಗೀತೆಯಲ್ಲಿ ಶಂಕರ, ರಾಮಾನುಜ, ಬಸವೇಶ್ವರ, ಮಧ್ವರನ್ನು ಸಾಲಾಗಿ ನೆನೆದದ್ದೂ ಇದೇ ಬಗೆಯದು.

1962ರ ಮೇ 13ರಂದು ರಾಷ್ಟ್ರಪತಿಯಾದರು. ಹುಟ್ಟುಹಬ್ಬ ಆಚರಿಸಲು ಬಂದವರಿಗೆ ಆ ದಿನವನ್ನು ಶಿಕ್ಷಕರಿಗೆ ಬಿಟ್ಟುಕೊಡಿ ಎಂದರು. ಐದು ತಿಂಗಳಲ್ಲಿ ಚೀನಾ ಯುದ್ಧ. ಸೋಲಿಗೆ ನಮ್ಮ ನಂಬಿಕೆಯ ಭೋಳೆತನ, ಉದಾಸೀನವೂ ಕಾರಣ ಎಂದು ರಾಷ್ಟ್ರಪತಿಯೇ ಹೇಳಿದ್ದು ಸರ್ಕಾರಕ್ಕೆ ಇರಿಸುಮುರಿಸಾಯಿತು. 1967ರ ಗಣರಾಜ್ಯೋತ್ಸವದ ಭಾಷಣದಲ್ಲೂ ಆಡಳಿತದ ಅಸಮರ್ಥತೆಯನ್ನು ಮುಚ್ಚುಮರೆಯಿಲ್ಲದೆ ಟೀಕಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಅಧಿಕಾರ ಮುಗಿಸಿ ಮದ್ರಾಸಿಗೆ ಮರಳಿದರು.

1975ರ ಏಪ್ರಿಲ್ 17ರಂದು ಮದ್ರಾಸಿನಲ್ಲೇ ತೀರಿಕೊಂಡರು. ಆ ಹೊತ್ತಿಗೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಕರ್ನಾಟಕದ ಮುಖ್ಯಮಂತ್ರಿ. ಉಳುವವನಿಗೇ ಭೂಮಿ ಎಂಬ ತಿದ್ದುಪಡಿ ಹಿಂದಿನ ವರ್ಷವೇ ಬಂದಿತ್ತು, ತಾಲ್ಲೂಕು ತಾಲ್ಲೂಕುಗಳಲ್ಲಿ ಗೇಣಿದಾರರು ಅರ್ಜಿ ಹಿಡಿದು ನಿಂತಿದ್ದರು. 1918ರಲ್ಲಿ ಮಿಲ್ಲರ್ ಸಮಿತಿಯ ಮುಂದಿದ್ದ ಪ್ರಶ್ನೆಯನ್ನೇ ಎಲ್.ಜಿ. ಹಾವನೂರರ ಆಯೋಗ ಮತ್ತೆ ಕೈಗೆತ್ತಿಕೊಂಡಿತ್ತು. ಅದರ ವರದಿ ಬಂದದ್ದು ಅದೇ ವರ್ಷದ ಕೊನೆಯಲ್ಲಿ.